ಹಳೆ ಸೆಲ್ಲಿನಲ್ಲಿ ಕೇಳಿದ ಹತ್ತು ಆಲ್ಬಂಗಳು

1986ರಲ್ಲಿ, ಡಿಸೆಂಬರ್ ಹತ್ತರವರೆಗೆ, ನಾನು ಹೆವಿ ಮೆಟಲ್ ಕೇಳಿದ್ದು ಒಟ್ಟು ನೂರ ನಲವತ್ತಮೂರು ಸಲ. ಕ್ಯಾಸೆಟಿನ ಒಂದು ಬದಿಯನ್ನು ಮೊದಲಿಂದ ಕೊನೆಯವರೆಗೆ ಕೇಳಿದರೆ ಒಂದು ಸಲ. ನಡುವೆ ಟೇಪು ಸಿಕ್ಕಿಹಾಕಿಕೊಂಡರೆ, ಹಂಚಿನ ಮೇಲೆ ಮಳೆ ಜೋರಾಗಿ ಏನೂ ಕೇಳಿಸದೆ ಹೋದರೆ, ಯಾರಾದರೂ ಬಂದು ಆರಿಸಿಬಿಟ್ಟರೆ ಅದು ಲೆಕ್ಕಕ್ಕಿಲ್ಲ. ಅಂಥವು ಮೂವತ್ತೊಂದು. ಅವುಗಳಿಗೆ ಬೇರೆ ಪುಟ.

ಆಗ ನಾನು ಪುತ್ತೂರಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೆ. ನನ್ನ ತರಗತಿಯ ಕೆಲವರು ಕ್ರಿಕೆಟ್ಟಿನ ಓಟಗಳನ್ನು ಬರೆದಿಡುತ್ತಿದ್ದರು. ನನ್ನದೂ ಅದೇ ಚಾಳಿ, ವಿಷಯ ಬೇರೆ. ಉದ್ದ ನೋಟುಪುಸ್ತಕದಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದೆ: ದಿನ, ಸ್ಥಳ, ಕ್ಯಾಸೆಟ್, ಬದಿ, ಹಿಡಿದ ಹೊತ್ತು, ಗಿಟಾರ್, ಡ್ರಮ್, ಸ್ವರ, ಹತ್ತರಲ್ಲಿ ಎಷ್ಟು. ಕೇಳಿ ಬರೆಯದಿದ್ದರೆ ಕೇಳಲೇ ಇಲ್ಲವೇನೋ ಅನಿಸುತ್ತಿತ್ತು. ಬರೆದ ಮೇಲೆಯೂ ಸಮಾಧಾನ ಇರುತ್ತಿರಲಿಲ್ಲ. ನಿನ್ನೆ ಏಳು ಕೊಟ್ಟದ್ದಕ್ಕೆ ಇವತ್ತು ಏಳೂವರೆ ಕೊಡಬೇಕಿತ್ತೇ ಎಂದು ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸುತ್ತಿದ್ದೆ.

ಕ್ಯಾಸೆಟ್‌ಗಳು ಬರುತ್ತಿದ್ದದ್ದು ನನ್ನ ಗೆಳೆಯನ ಮೂಲಕ. ಪುತ್ತೂರಿನ ದರ್ಬೆಯಲ್ಲಿ ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಅವನ ಮನೆ ಕಡಬದಿಂದ ಸ್ವಲ್ಪ ಒಳಗೆ. ಅವನ ಅಜ್ಜ ಕೇರಳದಿಂದ ಬಂದು ಅಲ್ಲಿ ರಬ್ಬರ್ ಹಾಕಿದವರು. ಅವನ ಅಣ್ಣ ಗಲ್ಫಿನಲ್ಲಿ ಒಂದು ವರ್ಕ್‌ಶಾಪಿನಲ್ಲಿದ್ದ. ಅಲ್ಲಿ ಅವನ ಜೊತೆ ಕೆಲಸ ಮಾಡುವ ಒಬ್ಬ ಪರದೇಶದವನಿಗೆ ಹೆವಿ ಮೆಟಲ್ ಹುಚ್ಚು. ಅವನು ಕೊಂಡದ್ದನ್ನೆಲ್ಲ ಅಣ್ಣ ಖಾಲಿ ಕ್ಯಾಸೆಟ್‌ಗಳಿಗೆ ಇಳಿಸಿ, ರಜೆಯಲ್ಲಿ ಊರಿಗೆ ಬರುವವರ ಬಟ್ಟೆಬರೆಯ ನಡುವೆ ಸುತ್ತಿ ಕಳಿಸುತ್ತಿದ್ದ. ಕ್ಯಾಸೆಟಿನ ಮೇಲೆ ಹೆಸರಿಲ್ಲ, ಚಿತ್ರವಿಲ್ಲ, ಬರೇ ನಂಬರು. ಯಾಕೆ ಹೀಗೆ ಎಂದು ನಾವು ಕೇಳಿ ಬರೆದಾಗ ಬಂದ ಉತ್ತರ ಎರಡೇ ಸಾಲಿನದು. ‘ಎಲ್ಲ ಈ ವರ್ಷ ಬಂದದ್ದು. ಹೆಸರು ಬರೆದರೆ ಅಮ್ಮಚ್ಚಿ ಅದನ್ನು ಇಗರ್ಜಿಯ ಅಚ್ಚನಿಗೆ ತೋರಿಸ್ತಾಳೆ, ಅಚ್ಚ ಒಲೆಗೆ ಹಾಕಿಸ್ತಾರೆ.’ ಅಮ್ಮಚ್ಚಿ ಎಂದರೆ ಅವರ ತಾಯಿ, ಅಚ್ಚ ಎಂದರೆ ಚರ್ಚಿನ ಪಾದ್ರಿ.

ಹಾಗಾಗಿ ಹೆಸರು ನಾವೇ ಇಟ್ಟೆವು. ಡ್ರಮ್ ಸದ್ದು ಕೆಸರುಗದ್ದೆಯಲ್ಲಿ ಕೋಣಗಳು ಓಡಿದ ಹಾಗಿದ್ದದ್ದಕ್ಕೆ ‘ಕಂಬಳ’. ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೂ ಗಿಟಾರ್ ಒಂದೇ ಹದದಲ್ಲಿ ಅರೆಯುತ್ತಿದ್ದದ್ದಕ್ಕೆ ‘ಅಕ್ಕಿಗಿರಣಿ’. ಗಂಟೆ ಬಾರಿಸಿ ಶುರುವಾಗುವುದು ‘ಇಗರ್ಜಿ’. ಅದನ್ನು ಹಾಕಿದಾಗ ಮಾತ್ರ ಗೆಳೆಯನ ಅಮ್ಮಚ್ಚಿ ಅಡುಗೆಮನೆಯಿಂದ ಏನೂ ಹೇಳುತ್ತಿರಲಿಲ್ಲ. ಸ್ವರ ಕಿರಿಚುವುದು ‘ಸೈರನ್’. ಮತ್ತೆ ‘ಕರಿ ಕ್ಯಾಸೆಟ್’. ಅದರ ಪ್ಲಾಸ್ಟಿಕ್ ಕಪ್ಪು, ನಂಬರು ಕೂಡ ಅಳಿಸಿಹೋಗಿತ್ತು.

ಕರಿ ಕ್ಯಾಸೆಟ್ ನಾವು ಮೊದಲು ಕೇಳಿದ್ದು ಜುಲೈ 20, ಆದಿತ್ಯವಾರ, ಗೆಳೆಯನ ಮನೆಯ ಚಾವಡಿಯಲ್ಲಿ. ಅವತ್ತಿನ ಪುಟ ಈಗಲೂ ನನ್ನ ಹತ್ತಿರ ಇದೆ. ಬೇರೆ ಯಾವುದಕ್ಕೂ ಬರೆಯದಷ್ಟು ಉದ್ದ ಬರೆದಿದ್ದೇನೆ: ‘ಇಷ್ಟು ನಿಧಾನ ಇನ್ನೊಂದಿಲ್ಲ. ಗಿಟಾರ್ ಒಂದು ಪೆಟ್ಟು ಕೊಟ್ಟು ಇನ್ನೊಂದು ಪೆಟ್ಟಿಗೆ ಬರುವಷ್ಟರಲ್ಲಿ ಉಸಿರು ಬಿಡಬಹುದು. ಹಾಡುವವನಿಗೆ ಅರವತ್ತು ವರ್ಷ ಇರಬೇಕು, ದೊಡ್ಡ ಆಳು. ದಿಮ್ಮಿ ಎಳೆಯುವ ಆನೆ ಗುಡ್ಡ ಹತ್ತಿದ ಹಾಗೆ. 10.’ ಆ ವರ್ಷ ಹತ್ತಕ್ಕೆ ಹತ್ತು ಸಿಕ್ಕಿದ್ದು ಅದಕ್ಕೊಂದಕ್ಕೇ.

“ಅರವತ್ತಲ್ಲ, ಎಪ್ಪತ್ತು,” ಎಂದಿದ್ದ ಗೆಳೆಯ. “ಹಲ್ಲು ಬಿದ್ದಿರ್ಬೇಕು ಮಾರಾಯ. ಕೇಳು, ಸ್ವರ ಒಳಗಿಂದ ಬರುದು.”

ಆ ಮನೆಗೆ ಆಗ ಕರೆಂಟ್ ಬಂದಿರಲಿಲ್ಲ. ಟೇಪ್‌ರೆಕಾರ್ಡರ್ ಆರು ದೊಡ್ಡ ಸೆಲ್ಲಿನಲ್ಲಿ ನಡೆಯುತ್ತಿತ್ತು. ಗೆಳೆಯನ ಅಪ್ಪಚ್ಚ, ಅಂದರೆ ಅಪ್ಪ, ಅದನ್ನು ಮನೆಯ ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ. ಮಗ ಗಲ್ಫಿನಿಂದ ತಂದದ್ದು. ಬಿಳಿ ಕಸೂತಿ ಬಟ್ಟೆ ಹೊದೆಸಿಕೊಂಡು ಮೇಜಿನ ಮೇಲೆ ಕೂತಿರಬೇಕು. ಸೆಲ್ಲಿನ ವಿಷಯದಲ್ಲಿ ಇನ್ನೊಂದು ಕಟ್ಟಳೆ ಇತ್ತು. ಅಪ್ಪಚ್ಚ ಮತ್ತು ಅಮ್ಮಚ್ಚಿ ಬೆಳಕು ಹರಿಯುವ ಮೊದಲೇ ಹಾಲಿಗಾಗಿ ರಬ್ಬರ್ ಮರ ಕೆತ್ತಲು ಹೋಗುವವರು. ಇಬ್ಬರಿಗೂ ಒಂದೊಂದು ಟಾರ್ಚ್, ಒಂದೊಂದರಲ್ಲಿ ಮೂರು ಸೆಲ್. ಹೊಸ ಸೆಲ್ ಮೊದಲು ಟಾರ್ಚಿಗೆ. ಬೆಳಕು ಹಳದಿಯಾಗಿ ಮರದ ಮೇಲಿನ ಗೀರು ಕಾಣುವುದಿಲ್ಲ ಎಂದಾದಾಗ ಆ ಆರೂ ಟೇಪ್‌ರೆಕಾರ್ಡರಿಗೆ. ಅಲ್ಲಿಯೂ ಸತ್ತರೆ ಅಮ್ಮಚ್ಚಿ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನಿನ ಪಕ್ಕ, ಬಿಸಿಗೆ ಇಡುತ್ತಿದ್ದರು. ಎರಡು ದಿನ ಬಿಟ್ಟು ತೆಗೆದರೆ ಇನ್ನೆರಡು ಬದಿ ಕೇಳಬಹುದಿತ್ತು. ಇದರಲ್ಲಿ ವಿಶೇಷ ಏನೂ ನನಗೆ ಕಂಡಿರಲಿಲ್ಲ. ಐವರ್ನಾಡಿನ ನಮ್ಮ ಮನೆಯಲ್ಲಿಯೂ ರೇಡಿಯೋದ ಸೆಲ್ಲನ್ನು ಬಿಸಿಲಿಗಿಡುತ್ತಿದ್ದರು.

ನನ್ನ ಒಂಬತ್ತು ಕಾಲಮ್ಮಿನಲ್ಲಿ ಸೆಲ್ಲಿಗೆ ಜಾಗ ಇರಲಿಲ್ಲ.

ಇಡೀ ಪುತ್ತೂರಿನಲ್ಲಿ ಈ ಸಂಗೀತ ಕೇಳುವವರು ನಾವಿಬ್ಬರೇ ಎಂದು ನನಗೆ ಗಟ್ಟಿಯಾಗಿತ್ತು. ಇಬ್ಬರೇ ಇದ್ದರೆ ಸಾಲದು. ಗೆಳೆಯ ನಾನು ಹೇಳಿದ್ದಕ್ಕೆಲ್ಲ ಹೌದು ಅನ್ನುತ್ತಿದ್ದ, ಅಥವಾ ತಮಾಷೆ ಮಾಡುತ್ತಿದ್ದ, ಜಗಳಾಡುತ್ತಿರಲಿಲ್ಲ. ನನಗೆ ಮೂರನೆಯವರೊಬ್ಬರು ಬೇಕಿತ್ತು. ‘ಕಂಬಳಕ್ಕೆ ಎಂಟು ಜಾಸ್ತಿಯಾಯಿತು’ ಎಂದು ಹೇಳುವವರು. ಅಂಥವರನ್ನು ಹುಡುಕುವುದು ಹೇಗೆ? ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಬರೆದರೆ ಯಾರಾದರೂ ಓದಿ ಬಂದಾರು ಎಂದು ನವೆಂಬರಿನಲ್ಲಿ ಹೊಳೆಯಿತು.

ಭಿತ್ತಿಪತ್ರಿಕೆ ಎಂದರೆ ಲೈಬ್ರರಿಯ ಹೊರಗೆ ಗಾಜಿನ ಬಾಗಿಲಿನ, ಬೀಗ ಹಾಕುವ ಒಂದು ಹಲಗೆ. ತಿಂಗಳಿಗೊಮ್ಮೆ ಬದಲು. ಅದರಲ್ಲಿ ಬರುತ್ತಿದ್ದದ್ದು ಕವನ, ನುಡಿಮುತ್ತು, ಪ್ರವಾಸದ ಅನುಭವ. ಬೀಗದ ಕೈ ಕನ್ನಡದ ಮೇಷ್ಟ್ರ ಹತ್ತಿರ. ನಾನು ಹೋಗಿ ‘ಈ ವರ್ಷದ ನನ್ನ ಮೆಚ್ಚಿನ ಹತ್ತು ಹೆವಿ ಮೆಟಲ್ ಆಲ್ಬಂಗಳು’ ಎಂದು ಶೀರ್ಷಿಕೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೆಟಲ್ ಅಂದ್ರೆ ಎಂತ, ಕಬ್ಬಿಣವಾ?”

“ಸಂಗೀತ ಸರ್. ಗಿಟಾರ್, ಡ್ರಮ್…”

“ಹೆಸರು ಹೇಳು ಒಂದೆರಡು.”

“ಹೆಸರು ಇಲ್ಲ ಸರ್. ನಾವೇ ಇಟ್ಟದ್ದು.”

“ಯಾರು ಹಾಡಿದ್ದು?”

“ಅದೂ ಗೊತ್ತಿಲ್ಲ ಸರ್.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ನೋಡು ಮಾರಾಯ, ನಲವತ್ತು ಕವನ ಬಂದಿವೆ, ಮೂವತ್ತು ಮಳೆಯ ಮೇಲೆಯೇ. ನಿನ್ನದು ಮಳೆ ಅಲ್ಲ, ಅಷ್ಟಕ್ಕೇ ತಗೊಳ್ತೇನೆ. ಆದ್ರೆ ಹೆಸರೂ ಇಲ್ಲ, ಹಾಡಿದವನೂ ಇಲ್ಲ ಅಂದ್ರೆ ಓದುವವನಿಗೆ ಹಿಡಿಯಲಿಕ್ಕೆ ಏನಾದ್ರೂ ಬೇಕಲ್ಲ. ಒಂದೊಂದು ಎಷ್ಟು ಹೊತ್ತಿನದ್ದು ಅಂತಾದ್ರೂ ಬರಿ. ಒಂದೇ ಹಾಳೆ. ಡಿಸೆಂಬರ್ ಹದಿನೈದು ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಇರ್ಬೇಕು.”

ಅವರು ಹೊತ್ತು ಕೇಳದಿದ್ದರೆ ಏನೂ ಆಗುತ್ತಿರಲಿಲ್ಲ.

ಡಿಸೆಂಬರ್ 10, ಬುಧವಾರ. ಕೋಣೆಯಲ್ಲಿ ಕೂತು ಪಟ್ಟಿಯನ್ನು ಹಾಳೆಗೆ ಇಳಿಸುತ್ತಿದ್ದೆ. ಒಂದನೆಯದು ಕರಿ ಕ್ಯಾಸೆಟ್, ಅದರಲ್ಲಿ ಸಂಶಯವಿಲ್ಲ. ಎರಡು ಇಗರ್ಜಿ, ಮೂರು ಕಂಬಳ. ಕರಿ ಕ್ಯಾಸೆಟಿನ ಮೊದಲ ಬದಿಯ ಹೊತ್ತು ನೋಡಲು ಪುಟ ತಿರುಗಿಸಿದೆ. ಜುಲೈಯಲ್ಲಿ ಇಪ್ಪತ್ತೈದು ನಿಮಿಷ. ಆಗಸ್ಟ್ ಕೊನೆಯಲ್ಲಿ ಇಪ್ಪತ್ತಾರು ಚಿಲ್ಲರೆ. ಅಕ್ಟೋಬರಿನಲ್ಲಿ ಇಪ್ಪತ್ತಮೂರು. ಅದೇ ಕ್ಯಾಸೆಟ್, ಅದೇ ಬದಿ.

ಮೊದಲು ಅನುಮಾನ ಬಂದದ್ದು ನನ್ನ ಕೈಗಡಿಯಾರದ ಮೇಲೆ. ಅದು ಅಪ್ಪ ಬಿಟ್ಟುಕೊಟ್ಟದ್ದು. ಕೆಳಗಿನ ಹೋಟೆಲಿಗೆ ಹೋಗಿ ರೇಡಿಯೋದ ವಾರ್ತೆಯ ಹೊತ್ತಿಗೆ ಸರಿಯಾಗಿ ಹಿಡಿದು ನೋಡಿದೆ. ಒಂದು ಚಹಾ ಕುಡಿದು ಮುಂದಿನ ವಾರ್ತೆಯವರೆಗೆ ಕಾದೆ. ಗಡಿಯಾರ ಸರಿಯಿತ್ತು. ವಾಪಸು ಬಂದು ಉಳಿದ ಕ್ಯಾಸೆಟ್‌ಗಳ ಹೊತ್ತು ನೋಡಿದೆ. ಎಲ್ಲವೂ ಹಾಗೆಯೇ. ಮಳೆಗಾಲದಲ್ಲಿ ಉದ್ದ, ಮಳೆ ಬಿಟ್ಟ ಮೇಲೆ ಗಿಡ್ಡ. ಅಂಕಗಳೂ ಹಾಗೆಯೇ. ಉದ್ದವಾದಾಗ ಎಂಟು, ಒಂಬತ್ತು. ಗಿಡ್ಡವಾದಾಗ ಆರು, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಇವತ್ತು ಯಾಕೋ ಅವಸರ ಅನಿಸಿತು.’

ಕೋಣೆಯಲ್ಲಿ ಕೂರಲಾಗಲಿಲ್ಲ. ಮುಖ್ಯರಸ್ತೆಯಲ್ಲಿ ಒಮ್ಮೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದೆ. ಮತ್ತೊಮ್ಮೆ ನಡೆದೆ.

ಮರುದಿನ ಕರಿ ಕ್ಯಾಸೆಟನ್ನು ಕಿಸೆಯಲ್ಲಿಟ್ಟುಕೊಂಡು ದರ್ಬೆಯ ಕ್ಯಾಸೆಟ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ಕರೆಂಟಿನಲ್ಲಿ ನಡೆಯುವ ದೊಡ್ಡ ಡೆಕ್ ಇತ್ತು. ಆದರೆ ಡಿಸೆಂಬರ್ ಎಂದರೆ ಶಬರಿಮಲೆಯ ಕಾಲ. ಕಪ್ಪುಬಟ್ಟೆಯ ಸ್ವಾಮಿಗಳು ಅಯ್ಯಪ್ಪನ ಭಜನೆಯ ಕ್ಯಾಸೆಟಿಗೆ ಸಾಲು ನಿಂತಿದ್ದರು.

“ಒಂದು ಬದಿ ಹಾಕಿ ಅಣ್ಣ, ಹೊತ್ತು ನೋಡ್ಲಿಕ್ಕೆ ಮಾತ್ರ.”

“ಹೊತ್ತು ನೋಡ್ಲಿಕ್ಕೆ ಅಂಗಡಿಗೆ ಬರುದಾ? ಗೋಡೆಯಲ್ಲಿ ಗಡಿಯಾರ ಉಂಟಲ್ಲ, ನೋಡಿ ಹೋಗು.”

ಸಾಲಿನಲ್ಲಿದ್ದ ಒಬ್ಬರು ಸ್ವಾಮಿ ನಕ್ಕು, “ಹಾಕಿ ಮಾರಾಯ್ರೆ, ನಮ್ಗೆ ಅವಸರ ಇಲ್ಲ,” ಎಂದರು. ಅಂಗಡಿಯವನು ಭಜನೆ ತೆಗೆದು ಕರಿ ಕ್ಯಾಸೆಟ್ ಹಾಕಿದ.

ಮೊದಲ ಪೆಟ್ಟಿಗೇ ನಾನು, “ಇದಲ್ಲ, ಬೇರೆ ಕ್ಯಾಸೆಟ್ ಹಾಕಿದ್ರಿ,” ಎಂದುಬಿಟ್ಟೆ. ಗಿಟಾರ್ ಚುರುಕಾಗಿ ಓಡುತ್ತಿತ್ತು. ಡ್ರಮ್ ಹಿಂದಿನಿಂದ ದೂಡುತ್ತಿತ್ತು. ಮತ್ತೆ ಹಾಡುವವನ ಸ್ವರ ಬಂತು. ಅದು ಅರವತ್ತರ ಮುದುಕನದ್ದಲ್ಲ. ನನ್ನಷ್ಟೇ ಪ್ರಾಯದ, ಮೀಸೆ ಸರಿಯಾಗಿ ಬಾರದ ಒಬ್ಬನ ತೆಳ್ಳಗಿನ ಸ್ವರ.

“ನಿನ್ನದೇ ಕ್ಯಾಸೆಟ್. ಇಲ್ಲಿ ಬೇರೆ ಇಂಥದ್ದು ಯಾರು ತರ್ತಾರೆ?” ಎಂದ ಅಂಗಡಿಯವನು. “ಸ್ಪೀಡ್ ಸರಿಯೇ ಉಂಟು.”

“ಮೊದಲು ನಿಧಾನ ಇತ್ತು.”

“ಸೆಲ್ ವೀಕ್ ಆಗಿರ್ಬೇಕು. ಸೆಲ್ ವೀಕ್ ಆದ್ರೆ ಭಜನೆಯೂ ಹಾಗೆ, ಸ್ವಾಮಿಯೇ ಶರಣಂ ಅನ್ಲಿಕ್ಕೆ ಅರ್ಧ ಗಂಟೆ.”

ಸ್ವಾಮಿಗಳೆಲ್ಲ ನಕ್ಕರು. ನಾನು ಗೋಡೆಯ ಗಡಿಯಾರ ನೋಡುತ್ತ ಕೊನೆಯವರೆಗೆ ನಿಂತೆ. ಇಪ್ಪತ್ತೊಂದು ನಿಮಿಷ. ಉಳಿದ ಒಂಬತ್ತನ್ನೂ ಹಾಕುತ್ತೀರಾ ಎಂದು ಕೇಳಿದಾಗ ಅವನು ಕ್ಯಾಸೆಟ್ ತೆಗೆದು ನನ್ನ ಕೈಯಲ್ಲಿಟ್ಟ.

ಅವತ್ತು ಸಂಜೆ ಗೆಳೆಯನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಎಪ್ಪತ್ತು ವರ್ಷದವನು ಇಪ್ಪತ್ತಕ್ಕೆ ಬಂದನಾ? ಒಳ್ಳೇ ಮದ್ದು ಮಾರಾಯ!”

“ನಗ್ಬೇಡ. ನೂರ ನಲವತ್ತಮೂರು ಸಲ ಕೇಳಿದ್ದು ಪೂರಾ ತಪ್ಪು.”

“ತಪ್ಪು ಎಂತ? ಕೇಳ್ಲಿಲ್ವಾ ನೀನು?”

“ನಾನು ಕೇಳಿದ್ದು ಅವರು ಮಾಡಿದ್ದನ್ನಲ್ಲ. ಸೆಲ್ ಮಾಡಿದ್ದನ್ನು.”

“ಹಾಗಾದ್ರೆ ಸೆಲ್ಲಿಗೇ ಹತ್ತು ಕೊಡು.”

ಮಳೆಗಾಲದಲ್ಲಿ ಯಾಕೆ ಅತಿ ಉದ್ದ ಎಂಬುದನ್ನೂ ಅವನೇ ಬಿಡಿಸಿ ಹೇಳಿದ. ಮಳೆಯಲ್ಲಿ ರಬ್ಬರ್ ಕೆತ್ತುವುದಿಲ್ಲ. ಕೆತ್ತದಿದ್ದರೆ ಟಾರ್ಚ್ ಬೇಡ, ಟಾರ್ಚ್ ಬೇಡದಿದ್ದರೆ ಹೊಸ ಸೆಲ್ ಇಲ್ಲ. ಮೇ ತಿಂಗಳ ಆರು ಸೆಲ್ಲನ್ನೇ ಅಮ್ಮಚ್ಚಿ ಒಲೆಯ ಮೇಲೆ ಕಾಯಿಸಿ ಕಾಯಿಸಿ ಆಗಸ್ಟಿನವರೆಗೆ ಓಡಿಸಿದ್ದು. ನಾನು ಆ ಜುಲೈಯಲ್ಲಿ ಆನೆ, ಗುಡ್ಡ ಎಂದೆಲ್ಲ ಬರೆದದ್ದು ಮೂರು ಸಲ ಸತ್ತು ಎದ್ದ ಸೆಲ್ಲನ್ನು ಕೇಳಿ.

ನನಗೆ ಹೆದರಿಕೆಯಾದದ್ದು ಮೂರನೆಯವನ ಬಗ್ಗೆ. ಎಲ್ಲಿಯೋ ಕರೆಂಟ್ ಇರುವ ಮನೆಯಲ್ಲಿ ಸರಿಯಾದ ವೇಗದಲ್ಲಿ ಕೇಳಿದ ಒಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಅವನು ಗಾಜಿನ ಮುಂದೆ ನಿಂತು ‘ನಿಧಾನ, ಮುದುಕ, ಆನೆ’ ಎಂದು ಓದಿದರೆ, ಇವನು ಏನೂ ಕೇಳದೆ ಬರೆದಿದ್ದಾನೆ ಎಂದು ಹೊರಟುಹೋಗುತ್ತಾನೆ. ಇರುವ ಒಬ್ಬನೂ ಹೋದ. ಹತ್ತನ್ನೂ ಸರಿಯಾದ ವೇಗದಲ್ಲಿ ಪುನಃ ಕೇಳದೆ ಹಾಳೆ ಕೊಡುವುದಿಲ್ಲ ಎಂದು ನಿಶ್ಚಯಿಸಿದೆ. ಉಳಿದದ್ದು ಶನಿವಾರ, ಆದಿತ್ಯವಾರ.

ಶನಿವಾರ ಊರಿಗೆ ಹೋಗಲೇಬೇಕಿತ್ತು, ಅಕ್ಕನನ್ನು ನೋಡಲು ಬರುವವರಿದ್ದರು. ಐವರ್ನಾಡಿನಲ್ಲಿ ಬಂದವರಿಗೆ ಕಾಫಿ ಕೊಟ್ಟೆ, ಅವರ ಚಪ್ಪಲಿ ನೆರಳಿಗೆ ಎತ್ತಿಟ್ಟೆ, ಏನೋ ಕೇಳಿದ್ದಕ್ಕೆ ಏನೋ ಹೇಳಿದೆ. ತಲೆಯೊಳಗೆ ಕ್ಯಾಸೆಟಿಗೆ ಒಂದರಂತೆ ಹತ್ತು ಬದಿ, ಬದಿಗೆ ಇಪ್ಪತ್ತು ನಿಮಿಷ, ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ, ಕಡಬದಿಂದ ಕೊನೆಯ ಬಸ್ ಐದೂಕಾಲಕ್ಕೆ ಎಂದು ತಿರುಗುತ್ತಿತ್ತು. ಆದಿತ್ಯವಾರ ಬೆಳಿಗ್ಗೆ ತಿಂಡಿಗೂ ಕೂರದೆ ಚೀಲ ಹೆಗಲಿಗೇರಿಸಿದೆ.

“ಈಗ ಬಂದಷ್ಟೆ, ಪುನಾ ಎಲ್ಲಿಗೆ ಹೊರ್ಟದ್?” ಅವ್ವ ಜಗಲಿಯಿಂದ ಕೇಳಿದರು.

“ಕಡಬಕ್ಕೆ. ಕಾಲೇಜಿನ ಕೆಲಸ.”

“ಆದಿತ್ಯವಾರ ಎಂಥ ಕಾಲೇಜಿ?”

ನಾನು ಆಗಲೇ ಅಂಗಳ ದಾಟಿದ್ದೆ.

ಎರಡು ಬಸ್ ಬದಲಿಸಿ ಕಡಬಕ್ಕೆ, ಅಲ್ಲಿಂದ ನಡೆದು ಗೆಳೆಯನ ಮನೆಗೆ ಮುಟ್ಟಿದಾಗ ಅವರೆಲ್ಲ ಇಗರ್ಜಿಯಿಂದ ಆಗಷ್ಟೇ ಬಂದಿದ್ದರು. ಚಾವಡಿಯಲ್ಲಿ ಕ್ರಿಸ್ಮಸ್ಸಿನ ನಕ್ಷತ್ರಕ್ಕೆ ಬಿದಿರು ಸೀಳಿ ಇಟ್ಟಿದ್ದರು. ಅಪ್ಪಚ್ಚ ಹಿಂದಿನ ದಿನ ಪೇಟೆಯಿಂದ ತಂದ ಆರು ಹೊಸ ಸೆಲ್ ಕಾಗದದ ಕಟ್ಟಿನಲ್ಲಿ ಮೇಜಿನ ಮೇಲೆಯೇ ಇದ್ದವು. ಗೆಳೆಯ ಅದನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮೆಲ್ಲನೆ ಕೇಳಿದ.

“ಅಪ್ಪಚ್ಚಾ, ಈ ಸೆಲ್ ಇವತ್ತೊಂದು ದಿನ ಟೇಪಿಗೆ ಹಾಕುದಾ?”

“ಟಾರ್ಚಿಗೆ ಹಾಕದ್ದು ಪಾಟಿಗೆ, ಈ ಹಾಡಿಗೆ ಹಾಕುದಾ? ತಲೆ ಸರಿ ಉಂಟಾ ನಿನ್ಗೆ?”

“ಇವನದ್ದು ಪರೀಕ್ಷೆ.”

ಅಪ್ಪಚ್ಚ ನನ್ನ ಕಡೆ ತಿರುಗಿದರು. ಅವರ ಕೈಬೆರಳ ಸಂದಿನಲ್ಲಿ ಒಣಗಿದ ರಬ್ಬರ್ ಹಾಲು ಯಾವಾಗಲೂ ಇರುತ್ತಿತ್ತು. ಮಾತಾಡುವಾಗ ಅದನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. “ಎಂತ ಪರೀಕ್ಷೆ ಮೋನೆ?” ಮೋನೆ ಎಂದರೆ ಮಗನೇ.

ನಾನು ನೋಟುಪುಸ್ತಕ ಬಿಡಿಸಿ ತೋರಿಸಿದೆ. ಜುಲೈ ಇಪ್ಪತ್ತೈದು, ಆಗಸ್ಟ್ ಇಪ್ಪತ್ತಾರು, ಅಕ್ಟೋಬರ್ ಇಪ್ಪತ್ತಮೂರು. ಅವರು ಸಂಗೀತದ ಬಗ್ಗೆ ಏನೂ ಕೇಳಲಿಲ್ಲ. ಕಾಲಮ್ಮುಗಳ ಮೇಲೆ ಬೆರಳಾಡಿಸಿದರು. ಅವರೂ ಅಂಥದ್ದೇ ಒಂದು ಪುಸ್ತಕ ಇಡುವವರು: ಯಾವ ದಿನ ಎಷ್ಟು ಮರ, ಎಷ್ಟು ರಬ್ಬರ್ ಶೀಟ್.

“ಇಷ್ಟು ಬರೆದು ತಪ್ಪು ಆದ್ರೆ ಬೇಜಾರ್,” ಎಂದರು. ಕಟ್ಟು ಬಿಚ್ಚಿ ಸೆಲ್ಲುಗಳನ್ನು ನನ್ನ ಮುಂದೆ ದೂಡಿದರು. “ನಾಳೆ ನನ್ಗೆ ಹಾಲು ಕಡಿಮೆ ಆದ್ರೆ ಅದೂ ನಿನ್ನ ಪುಸ್ತಕದಲ್ಲಿ ಬರಿ, ಕೇಟ್ಟೋ?”

ಊಟ ಮುಗಿಸಿ ಹನ್ನೆರಡೂಮುಕ್ಕಾಲಿಗೆ ಶುರು ಮಾಡಿದೆವು. ಮೊದಲು ಕರಿ ಕ್ಯಾಸೆಟ್: ಇಪ್ಪತ್ತೊಂದು ನಿಮಿಷ, ಅಂಗಡಿಯಷ್ಟೇ. ಸೆಲ್ ಸರಿ ಎಂದು ಗೊತ್ತಾಯಿತು. ಹಾಡು ನನಗೆ ಹಿಡಿಸಲಿಲ್ಲ. ಒಳ್ಳೆಯ ಕೈ, ಒಳ್ಳೆಯ ಡ್ರಮ್, ಆದರೆ ಇಂಥದ್ದು ಈ ಹತ್ತರಲ್ಲೇ ಇನ್ನೂ ನಾಲ್ಕು ಇವೆ. ಬರೆದೆ: ಆರು.

ಮತ್ತೆ ಒಂದಾದ ಮೇಲೊಂದು. ಕಂಬಳ ಹೊಸ ಸೆಲ್ಲಿನಲ್ಲಿ ನಿಜವಾಗಿ ಓಡಿತು. ಇಷ್ಟು ದಿನ ಕೆಸರಿನಲ್ಲಿ ಕಾಲು ಹೂತಿದ್ದ ಕೋಣಗಳು ಈಗ ಗುರಿ ಮುಟ್ಟಿದವು. ಒಂಬತ್ತು. ಅಕ್ಕಿಗಿರಣಿ ನಾವು ಆರು ತಿಂಗಳು ಬೇಸರದ್ದು ಎಂದು ಬದಿಗಿಟ್ಟದ್ದು. ಈಗ ಆ ಅರೆತದ ನಡುವೆ ಸಣ್ಣ ಸಣ್ಣ ತಿರುವುಗಳು ಕೇಳಿಸಿದವು, ಒಂದು ಕಡೆ ಇಬ್ಬರು ಗಿಟಾರಿನವರು ಒಬ್ಬರ ಬಾಲವನ್ನು ಇನ್ನೊಬ್ಬರು ಹಿಡಿದು ಹತ್ತುತ್ತಿದ್ದರು. ಒಂಬತ್ತೂವರೆ. ಸೈರನ್ ಮಾತ್ರ ತಡೆಯಲಾಗಲಿಲ್ಲ. ನಿಧಾನದಲ್ಲಿ ಮನುಷ್ಯನಂತೆ ಇದ್ದವನು ವೇಗದಲ್ಲಿ ಪ್ರೆಷರ್ ಕುಕ್ಕರ್ ಆದ. ಇಗರ್ಜಿಯ ಗಂಟೆ ಸಣ್ಣದಾಯಿತು. ಒಳಗಿಂದ ಅಮ್ಮಚ್ಚಿ, “ಇದು ಯಾವ ಇಗರ್ಜಿ ಮೋನೆ? ಐಸ್‌ಕ್ಯಾಂಡಿಯವನದ್ದಾ?” ಎಂದು ಕೇಳಿದರು.

ಒಂದು ಬದಿಗೂ ಇನ್ನೊಂದಕ್ಕೂ ನಡುವೆ ನಾನು ಅಂಗಳದಲ್ಲಿ ನಕ್ಷತ್ರದ ಬಿದಿರನ್ನು ದಾಟಿ ದಾಟಿ ನಡೆಯುತ್ತಿದ್ದೆ. ಪಟ್ಟಿ ಪೂರ್ತಿ ತಲೆಕೆಳಗಾಗಿತ್ತು. ಒಂದನೆಯದು ಎಂಟಕ್ಕೆ, ಒಂಬತ್ತನೆಯದು ಒಂದಕ್ಕೆ. ಹತ್ತೂ ಮುಗಿದಾಗ ಸೆಲ್ ದಣಿದಿದೆಯೇ ನೋಡಲು ಕರಿ ಕ್ಯಾಸೆಟನ್ನು ಇನ್ನೊಮ್ಮೆ ಹಾಕಿದೆ.

ಅಪ್ಪಚ್ಚ ಆಗ ಒಣಗಿದ ಶೀಟುಗಳನ್ನು ತಂತಿಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಮೆಟ್ಟಿಲ ಮೇಲೆ ನಿಂತರು.

“ಆ ಮೆಲ್ಲ ಹೋಗುವದ್ದು ಎಲ್ಲಿ?”

“ಯಾವುದು?” ಎಂದ ಗೆಳೆಯ.

“ಮಳೆಗಾಲದಲ್ಲಿ ಹಾಕ್ತಿದ್ರಲ್ಲಾ. ಭಾರದ್ದು.” ಅವರು ಭುಜದ ಶೀಟುಗಳನ್ನು ಸ್ವಲ್ಪ ಎತ್ತಿ ತೋರಿಸಿದರು, ಅಷ್ಟು ಭಾರ ಎಂಬಂತೆ. “ಕೆಲಸ ಇಲ್ಲದೆ ಕೂತಿರುವಾಗ ಅದು ಒಳ್ಳೇದಿತ್ತು.”

“ಇದೇ ಅಪ್ಪಚ್ಚಾ ಅದು. ಈಗ ಹೊಸ ಸೆಲ್.”

ಅವರು ಇನ್ನೂ ಒಂದು ನಿಮಿಷ ಕೇಳಿದರು. “ಅಲ್ಲ,” ಎಂದರು. “ಇದು ಅದಲ್ಲ.” ಒಳಗೆ ಹೋದರು.

ಇಪ್ಪತ್ತೊಂದು ನಿಮಿಷ, ಐದು ಸೆಕೆಂಡ್. ಸೆಲ್ ದಣಿದಿರಲಿಲ್ಲ.

ವಾಪಸು ಬರುವ ಬಸ್ಸು ರಾಮಕುಂಜದ ಹತ್ತಿರ ಪಂಕ್ಚರ್ ಆಗಿ ನಿಂತಾಗ ಮೈಲುಗಲ್ಲಿನ ಮೇಲೆ ಕೂತು ಹಾಳೆ ಬರೆದು ಮುಗಿಸಿದೆ. ಹೊಸ ಅಂಕ, ಹೊಸ ಕ್ರಮ, ಸರಿಯಾದ ಹೊತ್ತು. ಕರಿ ಕ್ಯಾಸೆಟ್ ಎಂಟನೆಯದು: ‘ಚುರುಕಾದ ಗಿಟಾರ್, ಯುವಕನ ಸ್ವರ.’ ಸೋಮವಾರ ಬೆಳಿಗ್ಗೆ ಮೇಷ್ಟ್ರ ಮೇಜಿನ ಮೇಲೆ ಇಟ್ಟೆ. ಮಧ್ಯಾಹ್ನ ಅದು ಗಾಜಿನ ಹಿಂದೆ, ಎರಡು ಮಳೆಗವನಗಳ ನಡುವೆ ಇತ್ತು.

ಮಂಗಳವಾರ ಐದು ಸಲ ಹೋಗಿ ನೋಡಿದೆ. ಓದಿದವರು ಯಾರೂ ಇಲ್ಲ. ನಾನೇ ಓದಿದೆ, ಪ್ರತಿಸಲವೂ ಎಂಟನೆಯ ಸಾಲಿನಲ್ಲಿ ನಿಂತುಹೋದೆ. ಹೊತ್ತು ಸರಿ, ಅಂಕ ಸರಿ. ಆದರೆ ಜುಲೈಯಲ್ಲಿ ನಾವು ಮೂವರು ಒಂದು ಹಾಡು ಕೇಳಿದ್ದೆವು, ಅದು ಈ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಮೂರನೆಯವರೆಂದರೆ ಅಪ್ಪಚ್ಚ. ಅವರನ್ನು ನಾನು ಎಣಿಸಿರಲೇ ಇಲ್ಲ. ಒಳಗೆ ಕೂತು ಅವರು ಎಷ್ಟು ಸಲ ಕೇಳಿದ್ದರೋ ಅದರ ಲೆಕ್ಕವೂ ನನ್ನಲ್ಲಿಲ್ಲ.

ಬುಧವಾರ ಮೇಷ್ಟ್ರ ಕೋಣೆಗೆ ಹೋದೆ.

“ಸರ್, ಬೀಗದ ಕೈ ಬೇಕಿತ್ತು. ಒಂದು ಸಾಲು ಸೇರಿಸ್ಲಿಕ್ಕುಂಟು.”

“ತಪ್ಪು ಬರೆದಿದ್ದೀಯಾ?”

“ಇಲ್ಲ ಸರ್, ಎಲ್ಲ ಸರಿ ಉಂಟು.”

“ಸರಿ ಉಂಟಾದ್ರೆ ಮತ್ತೆ ಎಂತಕ್ಕೆ?”

“ಸರಿ ಆದದ್ದರಿಂದ ಒಂದು ಬಿಟ್ಟುಹೋಯ್ತು ಸರ್.”

ಅವರು ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು, “ಕವನದವರೇ ಸುಖ ಮಾರಾಯ, ಒಮ್ಮೆ ಕೊಟ್ರೆ ಪುನಃ ಈ ಕಡೆ ತಲೆ ಹಾಕುದಿಲ್ಲ,” ಎಂದರು.

ಹಾಳೆಯ ಕೆಳಗೆ ಉಳಿದ ಎರಡಿಂಚು ಜಾಗದಲ್ಲಿ ಬರೆದೆ: ‘ಎಂಟನೆಯದನ್ನು ಸೆಲ್ ವೀಕ್ ಆದಾಗ ಕೇಳಿದರೆ ಬದಿ ಇಪ್ಪತ್ತೈದು ನಿಮಿಷ ಆಗುತ್ತದೆ. ಆಗ ಅದು ಬೇರೆ ಆಲ್ಬಂ, ಈ ವರ್ಷದ ಒಂದನೆಯದು. ಸಾಕ್ಷಿ ಮೂವರು.’ ಗೆಳೆಯ ಓದಿ, “ನನ್ನ ಅಪ್ಪಚ್ಚನನ್ನು ಹೆವಿ ಮೆಟಲ್ಲಿಗೆ ಸೇರಿಸಿದ ಪುಣ್ಯಾತ್ಮ,” ಎಂದ. ಅವನು ಅದನ್ನು ಮನೆಯಲ್ಲಿ ಹೇಳಿದಾಗ ಅಪ್ಪಚ್ಚ ಬೈಯಲಿಲ್ಲವಂತೆ. ಸೋಮವಾರ ಹಾಲು ಕಡಿಮೆಯಾಗಲಿಲ್ಲ, ಸೆಲ್ ಚೆನ್ನಾಗಿಯೇ ಇತ್ತು, ಹಾಗೆ ಬರೆದುಕೊಳ್ಳಲು ಹೇಳು ಎಂದರಂತೆ. ಬರೆದುಕೊಂಡೆ.

ಮತ್ತೆ ಒಂದು ವಾರ ಏನೂ ಆಗಲಿಲ್ಲ. ಕ್ರಿಸ್ಮಸ್ ರಜೆ ಶುರುವಾಗುವ ಹಿಂದಿನ ದಿನ ಗಾಜಿನ ಮುಂದೆ ನಾನು ಸುಮ್ಮನೆ ನಿಂತಿದ್ದಾಗ ಹಿಂದಿನಿಂದ ಒಂದು ಸ್ವರ ಬಂತು.

“ಇದು ನೀವು ಬರೆದದ್ದಾ?”

ಕೊನೆಯ ವರ್ಷದ ಬಿ.ಎಸ್ಸಿ.ಯ ಹುಡುಗಿ, ಸುಳ್ಯದ ಬಸ್ಸಿನಲ್ಲಿ ನೋಡಿದ್ದೆ. ಎದೆಗೆ ಪ್ರಾಕ್ಟಿಕಲ್ ಪುಸ್ತಕ ಒತ್ತಿಕೊಂಡಿದ್ದಳು.

“ಹೌದು.”

“ಇಪ್ಪತ್ತೊಂದು ಇಪ್ಪತ್ತೈದಾದರೆ ಆರರಲ್ಲಿ ಒಂದು ಭಾಗ ವೇಗ ಕಮ್ಮಿ. ಅದಕ್ಕೆ ಸೆಲ್ ಹಾಳು ಮಾಡ್ಬೇಕು ಅಂತ ಇಲ್ಲ. ಟೇಪ್‌ರೆಕಾರ್ಡರಿನ ಮೋಟರಿನ ಹಿಂದೆ ಸಣ್ಣ ತೂತು ಉಂಟು. ಒಳಗೆ ಸ್ಕ್ರೂ. ತಿರುಗಿಸಿದ್ರೆ ಆಯ್ತು. ನಮ್ಮ ಅಣ್ಣ ರೇಡಿಯೋ ರಿಪೇರಿ ಮಾಡುದು, ನಾನೂ ಮಾಡಿದ್ದೇನೆ.”

ನಾನು ಗಾಜಿನ ಹಿಂದಿನ ಎಂಟನೆಯ ಸಾಲನ್ನು ಇನ್ನೊಮ್ಮೆ ಓದಿದೆ.

“ಕ್ಯಾಸೆಟ್ ಉಂಟಾ? ರಜೆ ಮುಗಿದ ಕೂಡ್ಲೆ ಕೊಡ್ತೇನೆ.”

ಚೀಲದಲ್ಲಿತ್ತು. ಎರಡು ವಾರದಿಂದ ಅಲ್ಲೇ ಇತ್ತು. ತೆಗೆದು ಕೊಟ್ಟೆ. ರಜೆಯ ಆ ದಿನಗಳಲ್ಲಿ ಐವರ್ನಾಡಿನಲ್ಲಿ ನಾನು ಒಂದು ಕಡೆ ಕೂತದ್ದೇ ಇಲ್ಲ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಅವಳ ಮದುವೆ ನಿಶ್ಚಯವಾದ ಸಂತೋಷಕ್ಕೆ ಹಾಗೆ ಮಾಡಿದ್ದು ಎಂದು ಮನೆಯವರು ತಿಳಿದಿದ್ದರು.

ಜನವರಿಯ ಮೊದಲ ವಾರ ಅವಳು ಕ್ಯಾಸೆಟನ್ನು ಅದೇ ಗಾಜಿನ ಮುಂದೆ ವಾಪಸು ಕೊಟ್ಟಳು. ಜೊತೆಗೆ ಮಡಚಿದ ಒಂದು ಚೀಟಿ. ಅದರಲ್ಲಿ ಸ್ಕೇಲಿಟ್ಟು ಎಳೆದ ಗೆರೆ, ಎರಡು ಕಾಲಮ್. ಸರಿ ವೇಗ: 8. ನಿಧಾನ: 4.

“ನಾಲ್ಕಾ?” ಎಂದೆ. ಸ್ವರ ನನಗೇ ಜೋರಾಗಿ ಕೇಳಿಸಿತು. “ನಿಧಾನದಲ್ಲಿ ನಾಲ್ಕಾ?”

“ನಾಲ್ಕು ಜಾಸ್ತಿಯೇ. ನಿದ್ದೆ ಬಂತು.”

“ಜುಲೈಯಲ್ಲಿ ಕೇಳ್ಬೇಕಿತ್ತು ನೀವು. ಮಳೆಯಲ್ಲಿ.”

“ಮಳೆಗೆ ಎಷ್ಟು ಅಂಕ, ಹಾಡಿಗೆ ಎಷ್ಟು ಅಂಕ? ಬೇರೆ ಬೇರೆ ಬರೆದಿದ್ದೀರಾ?”

ಇಲ್ಲ. ನನ್ನ ಒಂಬತ್ತು ಕಾಲಮ್ಮಿನಲ್ಲಿ ಅದಕ್ಕೂ ಜಾಗ ಇರಲಿಲ್ಲ. ಗಂಟೆ ಬಾರಿಸಿತು. ಅವಳು ಲ್ಯಾ‌ಬಿನ ಕಡೆ ಹೊರಟಳು, ತಿರುಗಿ, “ಆ ಅಕ್ಕಿಗಿರಣಿ ಉಂಟಲ್ಲ, ಒಂದನೆಯದು, ಅದನ್ನೂ ತನ್ನಿ. ಒಂಬತ್ತೂವರೆ ಜಾಸ್ತಿ ಅಂತ ಕಾಣ್ತದೆ,” ಎಂದಳು.

ಅವತ್ತು ಕ್ಲಾಸಿಗೆ ಹೋಗಲಿಲ್ಲ. ಕೋಣೆಗೆ ಬಂದು ಹೊಸ ವರ್ಷದ ನೋಟುಪುಸ್ತಕ ತೆಗೆದು, ಮೊದಲ ಪುಟಕ್ಕೆ ಸ್ಕೇಲಿಟ್ಟೆ. ಈ ಸಲ ಹನ್ನೆರಡು ಕಾಲಮ್. ಹತ್ತನೆಯದು ಸೆಲ್, ಹನ್ನೊಂದನೆಯದು ಮಳೆ, ಹನ್ನೆರಡನೆಯದಕ್ಕೆ ‘ಅವಳು’ ಎಂದು ಬರೆದು, ಹೊಡೆದುಹಾಕಿ, ‘ಮೂರನೆಯವರು’ ಎಂದು ಬರೆದೆ.